ಸಂಚಕಾರ ಕೊಟ್ಟ ಮೇಲೆ

ಹೋದವರ ಬಗ್ಗೆ ಬರೆಯುವಾಗ ಕಣ್ಣು ತುಂಬಿ ಬರಬೇಕಂತೆ. ನನಗೆ ಮೊದಲು ಬರುವುದು ಸಿಟ್ಟು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಚಿತ್ರದುರ್ಗದ ಹೆದ್ದಾರಿ ಪಕ್ಕದ ಆ ಗಾಜಿನ ಕಾರಂಗಡಿ ಕಣ್ಣಿಗೆ ಬಿದ್ದರೆ ಈಗಲೂ ಮೈ ಉರಿಯುತ್ತದೆ. ಆ ಅಂಗಡಿಯ ಮೇಲೆ ಸಿಟ್ಟು, ಒಂದು ಮಾತು ಹೇಳದೆ ಹೋದ ಅವರ ಮೇಲೆ ಸಿಟ್ಟು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿಯೂ ಒಂದು ಕಾಗದವನ್ನು ಓದದೆ ಸಹಿ ಹಾಕಿದ ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

ಅವರ ಹೆಸರು ಬರೆಯುವುದಿಲ್ಲ. ಹಿರಿಯೂರಿನ ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಎಲ್ಲರಿಗೂ ಅವರು ಯಜಮಾನ್ರು, ಅವರ ಹೆಂಡತಿ ದೊಡ್ಡಮ್ಮ. ನಮ್ಮದು ಎದುರು ಬದುರು ಮನೆ. ಯಜಮಾನ್ರು ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಮೊಣಕಾಲಿಂದ ನಾಲ್ಕು ಬೆರಳು ಕೆಳಗೆ ಬರುವ ಪಂಚೆ, ಹೆಗಲ ಮೇಲೆ ಒಂದು ಕೆಂಪು ಅಂಚಿನ ಟವೆಲ್. ಟವೆಲ್ ಇಲ್ಲದೆ ಅವರು ಹೊಸಿಲು ದಾಟಿದ್ದನ್ನು ನಾನು ನೋಡಿಲ್ಲ.

ಏನನ್ನಾದರೂ ನೋಡುವುದೆಂದರೆ ಅವರ ಲೆಕ್ಕದಲ್ಲಿ ಮುಟ್ಟುವುದು. ಕುರಿಯ ಬೆನ್ನಿನ ಮೇಲೆ ಅಂಗೈ ಊರಿ, ಹೆಬ್ಬೆರಳಿನಿಂದ ಸೊಂಟದ ಹತ್ತಿರ ಒತ್ತಿದರೆ ಸಾಕು, ಇಷ್ಟು ಕೇಜಿ ಎಂದು ಹೇಳುತ್ತಿದ್ದರು. ಅದು ಅರ್ಧ ಕೇಜಿಯೂ ಆಚೀಚೆ ಆಗುತ್ತಿರಲಿಲ್ಲವಂತೆ. ನಮ್ಮ ಮನೆಗೆ ಹೊಸ ಫ್ರಿಜ್ ಬಂದಾಗ ಅದರ ಬೆನ್ನನ್ನೂ ಹಾಗೇ ಒತ್ತಿ ನೋಡಿ, "ಪರವಾಗಿಲ್ಲ ಟೀಚರಮ್ಮ, ಮೈ ಹಿಡ್ದೈತೆ" ಎಂದಿದ್ದರು. ನನ್ನ ಗಂಡ ಒಂದು ವಾರ ಅದನ್ನೇ ಹೇಳಿ ಹೇಳಿ ನಕ್ಕರು.

ಹುಟ್ಟಾ ದಲ್ಲಾಳಿಯಾದರೂ ಬೀದಿಗೆ ಸೊಪ್ಪು ಮಾರಲು ಬರುವವಳ ಹತ್ತಿರ ಅವರು ಒಂದು ದಿನವೂ ಚೌಕಾಸಿ ಮಾಡಲಿಲ್ಲ. ಅವಳು ಹೇಳಿದ್ದನ್ನು ಕೊಟ್ಟುಬಿಡುತ್ತಿದ್ದರು. ಐದು ರೂಪಾಯಿಗಾಗಿ ನಾನು ಅವಳ ಜೊತೆ ಜಗ್ಗಾಡುವುದನ್ನು ಜಗಲಿಯಿಂದ ನೋಡಿ ಒಮ್ಮೆ ಅಂದರು: "ಬಿಸಿಲಾಗೆ ಹೊತ್ಕಂಡು ಬಂದೋಳ ಹತ್ರ ಎಳದಾಡೋದು ವ್ಯಾಪಾರ ಅಲ್ಲ ಕಣ್ರೀ, ದರಿದ್ರ. ನೆಳ್ಳಾಗೆ ಕುಂತು ಮಾರೋನ ಹತ್ರ ಎಳೀರಿ." ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ನಾನೂ ಸುಮ್ಮನೆ ಕೊಡಲು ಕಲಿತೆ.

ಅವರ ಮನೆಯ ಮುಂದಿನ ಹೊಂಗೆ ಮರಕ್ಕೆ ಒಂದು ಟಗರು ಕಟ್ಟಿರುತ್ತಿತ್ತು. ಕಪ್ಪು ಬಣ್ಣ, ಸುರುಳಿ ಕೊಂಬು, ಎಮ್ಮೆ ಕರುವಿನಷ್ಟು ಗಾತ್ರ. ಅದು ದೊಡ್ಡಮ್ಮನದು. ಮಕ್ಕಳಿಲ್ಲದ ಆ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಕೇಳುತ್ತಿದ್ದದ್ದು, "ಲೇ ಕರಿಯ, ಎದ್ಯೇನೋ" ಎನ್ನುವ ದೊಡ್ಡಮ್ಮನ ದನಿ. ಶೇಂಗಾ ಹಿಂಡಿಯನ್ನು ಅಂಗೈಯಲ್ಲೇ ತಿನ್ನಿಸುತ್ತಿದ್ದಳು. ನನಗೂ ಆ ಟಗರಿಗೂ ಆಗುತ್ತಿರಲಿಲ್ಲ. ನನ್ನ ಸ್ಕೂಟರ್ ಕಂಡರೆ ಅದು ತಲೆ ತಗ್ಗಿಸಿ ಹಿಂದಕ್ಕೆ ಸರಿಯುತ್ತಿತ್ತು. ಎರಡು ಸಲ ಗುದ್ದಿ ದೀಪ ಒಡೆದಿತ್ತು. ಒಡೆದ ದಿನ ದೊಡ್ಡಮ್ಮ ತಪ್ಪದೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದುಕೊಟ್ಟು, "ಅವ್ನಿಗೆ ಬುದ್ಧಿ ಹೇಳೀನಿ ಬಿಡವ್ವ" ಎನ್ನುತ್ತಿದ್ದಳು.

ಒಮ್ಮೆ ರಜೆಯಲ್ಲಿ ನಾನು ಹಟ ಮಾಡಿ ಅವರ ಜೊತೆ ಸಂತೆಗೆ ಹೋಗಿದ್ದೆ. ಅಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಯಜಮಾನ್ರು ಮಾರುವವನ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಿದ್ದರು. ಒಳಗೆ ಬೆರಳು ಬೆರಳು ಮಾತಾಡುತ್ತಿದ್ದವು. ಆಮೇಲೆ ಕೊಳ್ಳುವವನ ಕೈ, ಮತ್ತೆ ಟವೆಲ್. ಇಬ್ಬರ ಬೆರಳೂ ಒಂದೇ ಬೆಲೆಗೆ ಬಂದಾಗ ಟವೆಲ್ ಕೊಡವಿ ಹೆಗಲಿಗೆ ಹಾಕಿದರೆ ವ್ಯಾಪಾರ ಮುಗಿಯಿತು. ಕೊಳ್ಳುವವನು ಒಂದಿಷ್ಟು ಮುಂಗಡ ಕೊಡಬೇಕು, ಅದಕ್ಕೆ ಸಂಚಕಾರ ಎನ್ನುತ್ತಾರೆ. "ಸಂಚಕಾರ ಇಸ್ಕಂಡ ಮ್ಯಾಲೆ ಬೆಲೆ ಅನ್ನೋದು ಕಲ್ಲು. ಚಿನ್ನದ ಕುರಿ ಆದ್ರೂ ಅಷ್ಟೇ, ಕುಂಟು ಕುರಿ ಆದ್ರೂ ಅಷ್ಟೇ" ಎಂದು ಅವರು ನನಗೆ ವಿವರಿಸಿದರು.

ಹೀಗೆ ಮುಚ್ಚಿ ಮುಚ್ಚಿ ಮಾಡುವುದು ಯಾಕೆ, ಮೋಸಕ್ಕಲ್ಲವೇ ಎಂದು ನಾನು ಕೇಳಿದೆ. ಅವರಿಗೆ ಬೇಜಾರಾಯಿತು. "ಊರಿಗೆ ಮುಚ್ಚಿಡ್ತೀವಿ ಟೀಚರಮ್ಮ. ಕೊಳ್ಳೋನಿಗೆ ಯಾವತ್ತೂ ಮುಚ್ಚಿಟ್ಟಿಲ್ಲ" ಎಂದರು.

ಅವತ್ತೇ ಒಂದು ಜಗಳವೂ ಆಯಿತು. ಸಂಚಕಾರ ತೆಗೆದುಕೊಂಡಿದ್ದ ಒಬ್ಬ, ಹೊರಗಿನಿಂದ ಬಂದವನು ಜಾಸ್ತಿ ಬೆಲೆ ಹೇಳಿದನೆಂದು ಕುರಿಗಳನ್ನು ಅವನ ಗಾಡಿಗೆ ಹತ್ತಿಸಿಬಿಟ್ಟ. ಮೊದಲು ಕೊಂಡವನು ಯಜಮಾನ್ರ ಮುಂದೆ ಬಂದು ನಿಂತ. ಅವರು ಸೊಂಟದ ಚೀಲ ಬಿಚ್ಚಿ ಅವನಿಗೆ ಏನೋ ಎಣಿಸಿ ಕೊಟ್ಟರು. ಕಮಿಷನ್ ವಾಪಸ್ ಮಾಡಿದರೇನೋ ಎಂದುಕೊಂಡು ನಾನು ಕಡಲೆಪುರಿ ತಿನ್ನುತ್ತಾ ನಿಂತಿದ್ದೆ.

ನನಗೆ ಕಾರು ಬೇಕಾಗಿದ್ದು ಷೋಕಿಗಲ್ಲ. ಹೊಸದುರ್ಗ ತಾಲ್ಲೂಕಿನಲ್ಲಿ, ಹಾಲುರಾಮೇಶ್ವರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ನನ್ನನ್ನು ಹಾಕಿದ್ದರು. ಎರಡು ಬಸ್ಸು ಬದಲಿಸಬೇಕು. ಹೊಸದುರ್ಗದಲ್ಲಿ ಎರಡನೆಯ ಬಸ್ಸು ತಪ್ಪಿತೆಂದರೆ ಮೊದಲನೆಯ ಪಾಠ ಹೋಯಿತು. ಒಂದೇ ವರ್ಷದಲ್ಲಿ ಮೂರು ನೋಟಿಸು ತಿಂದಿದ್ದೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು. ನನ್ನ ಗಂಡನಿಗೆ ಚೌಕಾಸಿ ಎಂದರೆ ಜ್ವರ ಬರುತ್ತದೆ, ಅಂಗಡಿಯವನು ಹೇಳಿದ ಬೆಲೆಗೆ ತಾನೇ ನೂರು ಸೇರಿಸಿ ಕೊಟ್ಟು ಬರುವ ಜಾತಿ. ಹಾಗಾಗಿ ಯಜಮಾನ್ರನ್ನು ಕೇಳಿದೆ.

"ಕಬ್ಬಿಣದ ವ್ಯಾಪಾರ ನಂಗ್ ಬರಲ್ಲ" ಎಂದರು ಮೊದಲು. ಆಮೇಲೆ, "ಮಾರೋನು ಮನುಷ್ಯನೇ ತಾನೆ? ನಡೀರಿ ಹೋಗಾಣ" ಎಂದರು.

ಆ ಅಂಗಡಿಯೊಳಗೆ ಕಾಲಿಟ್ಟರೆ ತಣ್ಣಗೆ ಗಾಳಿ. ಬಾಗಿಲ ಪಕ್ಕ ಒಂದು ನೀಲಿ ಸೋಫಾ. ಟೈ ಕಟ್ಟಿದ್ದ ಸೇಲ್ಸ್‌ಮನ್ ಕಾಫಿ ತಂದು ಮುಂದೆ ಇಟ್ಟ. ನಾನು ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಯಜಮಾನ್ರು, "ಈಗ್ಲೇ ಬ್ಯಾಡ್ರಿ. ಕುಡುದ್ರೆ ಬಾಯಿ ಮೆತ್ತಗಾಗ್ತೈತೆ" ಎಂದರು. ನಾನು ನೋಡಿಟ್ಟಿದ್ದ ಬಿಳಿ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಊರಿದರು, ಹಿಂದಕ್ಕೆ ಹೋಗಿ ಹೆಬ್ಬೆರಳಲ್ಲಿ ಒತ್ತಿದರು. ಸೇಲ್ಸ್‌ಮನ್ನಿಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೂ ಅವನು ಮಾತಾಡಿದ್ದೆಲ್ಲ ಅವರ ಜೊತೆ. ಇಂಜಿನ್ನು, ಮೈಲೇಜು, ಕಂತು, ಎಲ್ಲವನ್ನೂ ಅವರ ಮುಖ ನೋಡಿ ಹೇಳುತ್ತಿದ್ದ. ಹಣ ಕೊಡುವವಳು ನಾನು, ಓಡಿಸುವವಳು ನಾನು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಕಲರ್ ಯಾವ್ದಿಷ್ಟ?"

ಯಜಮಾನ್ರು ಅವನ ಭುಜ ಹಿಡಿದು ನನ್ನ ಕಡೆ ತಿರುಗಿಸಿದರು. "ತಗಳ್ಳೋರು ಇವ್ರಪ್ಪ. ಇವ್ರ ಮಖ ನೋಡಿ ಮಾತಾಡು. ನಾನು ಬರೀ ಟವೆಲ್ಲು."

ಆಮೇಲೆ ಅವನು ಒಂದು ಕಾಗದ ಕೊಟ್ಟ. ಒಂದು ವಸ್ತುವಿಗೆ ಹನ್ನೊಂದು ಬೆಲೆ! ಕಾರಿನ ಬೆಲೆ ಒಂದು, ರಸ್ತೆ ತೆರಿಗೆ ಒಂದು, ವಿಮೆ ಒಂದು, ಅಲ್ಲಿಯವರೆಗೆ ಸರಿ. ಅದರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್ ಅಂತೆ, ಕೋಟಿಂಗ್ ಅಂತೆ, ಕಿಟ್ ಅಂತೆ, ನಾವು ಕೇಳದ ಇನ್ನೂ ಎರಡು ವರ್ಷದ ವಾರಂಟಿಯಂತೆ. ಟಿವಿಯಲ್ಲಿ, ಪೇಪರಿನಲ್ಲಿ, ಹೆದ್ದಾರಿಯ ಬೋರ್ಡಿನಲ್ಲಿ ಇಡೀ ದೇಶಕ್ಕೆ ಒಂದು ಬೆಲೆ ಸಾರುತ್ತಾರೆ. ಕೊಳ್ಳಲು ಹೋಗಿ ಮುಂದೆ ಕೂತವಳಿಗೆ ಮಾತ್ರ ನಿಜವಾದ ಬೆಲೆಯನ್ನು ಪದರ ಪದರವಾಗಿ ಮುಚ್ಚಿಟ್ಟು ಕೊಡುತ್ತಾರೆ. ಸಂತೆಯ ಟವೆಲ್ಲಿಗೆ ಮೋಸ ಎಂದವಳು ನಾನು! ಆ ಮಾತನ್ನು ನುಂಗಿಕೊಳ್ಳಬೇಕು ಅನ್ನಿಸಿತು.

ಯಜಮಾನ್ರು ಪ್ರತಿ ಸಾಲನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿದರು. ಹ್ಯಾಂಡ್ಲಿಂಗ್ ಬಂದಾಗ ಕೈ ಎತ್ತಿ ನಿಲ್ಲಿಸಿ, "ಅಂದ್ರೆ ಏನಪ್ಪಾ?" ಎಂದು ಕೇಳಿದರು.

"ಸರ್, ಗೋಡೌನಿಂದ ಇಲ್ಲಿಗೆ ತರೋ ಖರ್ಚು."

"ಕುರಿ ಮಾರೋನು ಹಟ್ಟಿಯಿಂದ ಸಂತೆಗಂಟ ಹೊಡ್ಕಂಡು ಬರ್ತಾನೆ. ಆ ಕೂಲಿನ ನನ್ ಹತ್ರ ಕೇಳಿದ್ರೆ ಏನಂತೀಯ?"

"ಕುರಿ ಬೇರೆ, ಕಾರು ಬೇರೆ ಸರ್."

"ಹೌದಪ್ಪ. ಕುರಿ ಮಾರೋನಿಗೆ ನಾಚಿಕೆ ಇರ್ತೈತೆ."

ಆ ಮಾತಿಗೆ ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಮ್ಯಾನೇಜರು ಹೊರಗೆ ಬಂದ. ಎರಡು ಗಂಟೆ ಮಾತಾಯಿತು. ಯಜಮಾನ್ರು ದನಿ ಏರಿಸಲಿಲ್ಲ. ಒಂದೊಂದು ಸಾಲಿಗೂ "ಇದು ಬ್ಯಾಡ" ಎಂದು ಸುಮ್ಮನೆ ಕೂರುತ್ತಿದ್ದರು. ಮ್ಯಾನೇಜರನೇ ಮಾತಾಡಿ ಮಾತಾಡಿ ಸುಸ್ತಾಗುತ್ತಿದ್ದ. ಕೊನೆಗೆ ಹ್ಯಾಂಡ್ಲಿಂಗ್ ಹೋಯಿತು, ಕೋಟಿಂಗ್ ಹೋಯಿತು, ಕಿಟ್ಟಿನಲ್ಲಿ ಕಾಲೊರಸು ಮಾತ್ರ ಉಳಿಯಿತು. ಏಳು ಲಕ್ಷದ ನಲವತ್ತು ಸಾವಿರಕ್ಕೆ ಮಾತು ನಿಂತಿತು. ಮ್ಯಾನೇಜರ್ ಕೈ ಮುಂದೆ ಚಾಚಿದ. ಯಜಮಾನ್ರು ಆ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದರು! ಅವನು ಬೆದರಿ ಕೈ ಎಳೆದುಕೊಂಡ. ಇವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಮುಗೀತು. ಟೀಚರಮ್ಮ, ಸಂಚಕಾರ ಕೊಡ್ರಿ" ಎಂದರು.

ನನಗೆ ಅನುಮಾನವಿತ್ತು. ದಾವಣಗೆರೆಯಲ್ಲೂ ಒಂದು ಮಾತು ಕೇಳಿ ನೋಡು, ಅವಸರ ಬೇಡ ಎಂದು ಶಾಲೆಯಲ್ಲಿ ಹೇಳಿದ್ದರು. ಅದನ್ನೇ ಅವರ ಕಿವಿಯಲ್ಲಿ ಅಂದೆ.

"ಈಗ ಬಾಯಿ ಇಲ್ಲಿಗೆ ಬಂದೈತೆ. ನಾಳೆ ತಿರುಗ್ತೈತೆ. ಸಂಚಕಾರ ಕೊಟ್ಬಿಡ್ರಿ, ಆಮ್ಯಾಲೆ ಯಾವನೂ ಅಲ್ಲಾಡ್ಸಾಕಾಗಲ್ಲ. ನನ್ ಮಾತು" ಎಂದರು.

ಅವರ ಮಾತು! ಹನ್ನೊಂದು ಸಾವಿರ ಕೊಟ್ಟೆ. ಅಂಗಡಿಯವರು ತಂದ ಕಾಗದಕ್ಕೆ ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಅದರ ಬೆನ್ನಿಗೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಒಂದು ಪುಟ ಇಂಗ್ಲಿಷಿತ್ತು. ಪ್ರಶ್ನೆಪತ್ರಿಕೆಯನ್ನು ಎರಡೆರಡು ಸಲ ಓದಿ ಎಂದು ಮಕ್ಕಳ ತಲೆ ತಿನ್ನುವವಳು, ನಾನು ಅದನ್ನು ಮಗುಚಿಯೂ ನೋಡಲಿಲ್ಲ. ಆಮೇಲೆ ಇಬ್ಬರೂ ಕಾಫಿ ಕುಡಿದೆವು. ಆರಿ ತಣ್ಣಗಾಗಿತ್ತು.

ಒಂದೂವರೆ ತಿಂಗಳಿಗೆ ಫೋನ್ ಬಂತು. ಕಾರು ಬಂದಿದೆ ಮೇಡಂ, ಕಂಗ್ರಾಜುಲೇಷನ್ಸ್. ಒಂದನೇ ತಾರೀಕಿನಿಂದ ಕಂಪನಿಯವರು ಬೆಲೆ ಏರಿಸಿದ್ದಾರೆ, ಹದಿನೆಂಟು ಸಾವಿರ ಜಾಸ್ತಿ ಆಗುತ್ತೆ. ನಾನು ಕೂಗಾಡಿದೆ. ಅವನು ಪಾಠ ಒಪ್ಪಿಸುವ ಹಾಗೆ, "ಬುಕಿಂಗ್ ಫಾರಂ ಹಿಂದ್ಗಡೆ ಇದೆ ಮೇಡಂ, ಡೆಲಿವರಿ ದಿನದ ರೇಟೇ ಅಪ್ಲೈ ಆಗೋದು. ನೀವು ಸೈನ್ ಮಾಡಿದೀರ" ಎಂದ. ತೆಗೆದು ಓದಿದೆ. ಇತ್ತು. ನನ್ನ ಸಹಿಯೂ ಇತ್ತು.

ಯಜಮಾನ್ರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಅರ್ಥವಾಗದ್ದು ಇಂಗ್ಲಿಷಲ್ಲ. "ಸಂಚಕಾರ ಇಸ್ಕಂಡಿದ್ದು ಅವ್ನೇ ತಾನೆ?" ಎಂದು ಮೂರು ಸಲ ಕೇಳಿದರು. "ಹೌದು" ಎಂದೆ. "ಇಸ್ಕಂಡ ಮ್ಯಾಲೆ ಏರಿಸ್ತಾನೆ ಅಂದ್ರೆ, ಮತ್ತೆ ಇಸ್ಕಂಡಿದ್ದು ಯಾತಕ್ಕೆ?" ಬೆಲೆ ನಿಲ್ಲದಿದ್ದರೆ ಮುಂಗಡ ಯಾಕೆ? ಕೊಳ್ಳುವವಳನ್ನು ಕಟ್ಟಿಹಾಕುವ ಹಗ್ಗ, ಮಾರುವವನಿಗೆ ಮಾತ್ರ ದಾರವೂ ಆಗುವುದಿಲ್ಲವೆಂದರೆ ಇದಾವ ನ್ಯಾಯ?

ಮಾರನೆಯ ಬೆಳಿಗ್ಗೆ ಅವರು ರೊಟ್ಟಿ ಕಟ್ಟಿಸಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದರು. ಆ ಅಂಗಡಿಯ ನೀಲಿ ಸೋಫಾದ ಮೇಲೆ ಕೂತರು. ಗಲಾಟೆ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಒಳಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಒಂದೇ ಮಾತು: "ಇವ್ರು ಸಂಚಕಾರ ಇಸ್ಕಂಡು ಬೆಲೆ ಏರಿಸ್ತಾರೆ. ನೋಡಿ ಕೊಡ್ರಿ." ಅಷ್ಟು ಹೇಳಿ ಮತ್ತೆ ಸುಮ್ಮನೆ. ಮಧ್ಯಾಹ್ನ ಹೊರಗೆ ಬಂದು ನೆರಳಲ್ಲಿ ರೊಟ್ಟಿ ತಿಂದು ಮತ್ತೆ ಒಳಗೆ. ಎರಡನೆಯ ದಿನ ಸೋಫಾವನ್ನು ಮೂಲೆಗೆ ತಳ್ಳಿದರಂತೆ. ಇವರೂ ಮೂಲೆಗೆ ಹೋಗಿ ಅಲ್ಲಿಂದಲೇ ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿದರಂತೆ. ಮೂರು ದಿನ ಹೀಗೇ. ನಾನು ಶಾಲೆಯಲ್ಲಿದ್ದೆ. ರಜೆ ಹಾಕಿ ಜೊತೆಗೆ ಹೋಗಬೇಕು ಎಂದು ನನಗೆ ತೋಚಲಿಲ್ಲ. ನಾಚಿಕೆಯಾಗಬೇಕು ನನಗೆ.

ನಾಲ್ಕನೆಯ ದಿನ ಸಂತೆ. ಬೆಳಕು ಹರಿಯುವ ಮೊದಲೇ ಯಜಮಾನ್ರು ಹೊಂಗೆ ಮರದ ಹಗ್ಗ ಬಿಚ್ಚಿ ಕರಿಯನನ್ನು ಹಿಡಿದುಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಯಾರಿಗೋ ತೋರಿಸಲಿಕ್ಕೆ ಇರಬೇಕು ಅಂದುಕೊಂಡೆ. ಸಂಜೆ ಅವರೊಬ್ಬರೇ ಬಂದರು, ನೇರ ನಮ್ಮ ಮನೆಗೆ.

"ಆತು ಟೀಚರಮ್ಮ. ಹಳೇ ರೇಟೇ. ನಾಳೆ ಹೋಗಾಣ."

ನಾನು ಕುಣಿದಾಡಿದೆ. ಸಕ್ಕರೆ ಡಬ್ಬಿಯನ್ನೇ ಅವರ ಮುಂದೆ ಹಿಡಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. "ಟಗರೆಲ್ಲಿ?" ಎಂದೆ. "ವಯಸ್ಸಾಗಿತ್ತು, ಕೊಟ್ಟೆ" ಎಂದರು. ನನಗೆ ಸಮಾಧಾನವೇ ಆಯಿತು. ಹೊಸ ಕಾರಿನ ದೀಪ ಇನ್ನು ಉಳಿಯುತ್ತದೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಮಾರನೆಯ ದಿನ ಕಾರಿಗೆ ಕೆಂಪು ಬಟ್ಟೆ ಹೊದಿಸಿ, ರಟ್ಟಿನ ದೊಡ್ಡ ಕೀಲಿಕೈ ನನ್ನ ಕೈಗೆ ಕೊಟ್ಟು, ಕೇಕು ಕತ್ತರಿಸಿ ಚಪ್ಪಾಳೆ ತಟ್ಟಿದರು. ಫೋಟೋಗೆ ಬನ್ನಿ ಎಂದರೆ ಯಜಮಾನ್ರು ಬರಲಿಲ್ಲ. ಗೇಟಿನ ಹತ್ತಿರ ಬೆನ್ನು ಹಾಕಿ ನಿಂತಿದ್ದರು. ಬಿಲ್ಲಿನಲ್ಲಿ ಹೊಸ ಬೆಲೆಯೇ ಇತ್ತು, ನನ್ನಿಂದ ತೆಗೆದುಕೊಂಡಿದ್ದು ಮಾತ್ರ ಹಳೆಯ ಬೆಲೆ. ಇದೇನು ಎಂದು ಕೇಳಿದೆ. "ಕಂಪನಿಗೆ ಹಂಗೇ ತೋರಿಸ್ಬೇಕಂತೆ. ಸಾಕು, ನಡೀರಿ" ಎಂದರು. ಎರಡನೆಯ ಸಲವೂ ನಾನು ಕಾಗದ ಓದಲಿಲ್ಲ.

ಆ ಮೇಲೆ ಐದು ವರ್ಷ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬೀಗರ ಮುಂದೆ ನಾನು ಈ ಕಥೆ ಹೇಳಿದ್ದೇ ಹೇಳಿದ್ದು. ಗಾಜಿನ ಅಂಗಡಿಯನ್ನು ಟವೆಲ್ಲೊಂದು ಮಣಿಸಿದ ಕಥೆ. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಇಬ್ಬರು ಮೇಷ್ಟರುಗಳು ತಮ್ಮ ಕಾರಿನ ವ್ಯಾಪಾರಕ್ಕೂ ಬನ್ನಿ ಎಂದು ಯಜಮಾನ್ರನ್ನು ಕೇಳಲು ಬಂದರು. ಕೈ ಮುಗಿದು ಕಳಿಸಿಬಿಟ್ಟರು. ವಿನಯ ಎಂದುಕೊಂಡೆ.

ದೊಡ್ಡಮ್ಮ ಮಾತ್ರ ಬದಲಾಗಿಬಿಟ್ಟಳು. ರೊಟ್ಟಿ ಚಟ್ನಿ ಬರುವುದು ನಿಂತಿತು. ಎದುರಾದರೆ "ಹೂಂ" ಎಂದು ಒಳಗೆ ಹೋಗುತ್ತಿದ್ದಳು. ಆಸ್ಪತ್ರೆಗೆ, ಮದುವೆಗೆ, ಎಲ್ಲಿಗೆ ಹೊರಟರೂ ಕಾರಲ್ಲಿ ಬಿಡುತ್ತೇನೆ ಬನ್ನಿ ಎಂದು ಕರೆದಿದ್ದೇನೆ. ಐದು ವರ್ಷದಲ್ಲಿ ಒಂದು ಸಲವೂ ಹತ್ತಲಿಲ್ಲ. "ನಂಗೆ ಬಸ್ಸೈತೆ" ಎನ್ನುತ್ತಿದ್ದಳು. ನಮ್ಮ ಮನೆ ಮುಂದೆ ಕಾರು ನಿಂತದ್ದು ನೋಡಿ ಹೊಟ್ಟೆಕಿಚ್ಚು ಎಂದು ನಾನು ಗಂಡನ ಹತ್ತಿರ ಆಡಿಕೊಂಡಿದ್ದೇನೆ. ಆಡಿದ್ದು ನಿಜ.

ಯಜಮಾನ್ರು ಹೆಚ್ಚು ನರಳದೆ ಹೋದರು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಟವೆಲ್ ಹಾಸಿ ಮಲಗಿದವರು ಏಳಲಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಸಂತೆಗೆ ಸಂತೆಯೇ ಬಂದಿತ್ತು. ಅವರ ನಡುವೆ ಪ್ಯಾಂಟು ಶರಟಿನ ಒಬ್ಬನ ಗುರುತು ಸಿಕ್ಕಿತು. ಅದೇ ಸೇಲ್ಸ್‌ಮನ್. ಈಗ ಹೊಳಲ್ಕೆರೆಯಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದಾನಂತೆ. ಆಗಾಗ ಯಜಮಾನ್ರನ್ನು ನೋಡಲು ಬರುತ್ತಿದ್ದನಂತೆ. ನನಗೆ ಒಳಗೊಳಗೇ ಹೆಮ್ಮೆ. ಸೋತವನೂ ಗೌರವ ಕೊಡಲು ಬಂದಿದ್ದಾನಲ್ಲ ಎಂದು! "ನೋಡಪ್ಪಾ, ನಿಮ್ಮ ಮ್ಯಾನೇಜರನ್ನು ಹೇಗೆ ಬಗ್ಗಿಸಿದ್ರು" ಎಂದೆ.

ಅವನು ಕೈಯಲ್ಲಿದ್ದ ಊಟದ ಎಲೆಯನ್ನು ಕೆಳಗಿಟ್ಟ. "ಬಗ್ಗಿಸಿದ್ರಾ? ಮೇಡಂ, ಅವತ್ತು ಮೂರನೇ ದಿನ ಮ್ಯಾನೇಜರ್ ಖಡಾಖಂಡಿತ ಹೇಳಿದ್ರು, ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ಕಳ್ಳಿ ಅಂತ. ಯಜಮಾನ್ರು ಎದ್ದು ಹೋದ್ರು. ಮಾರನೇ ದಿನ ಸಂತೆ ಮುಗಿಸ್ಕಂಡು ಬಂದು ಹದಿನೆಂಟು ಸಾವಿರ ಎಣಿಸಿಟ್ರು. ಟೀಚರಮ್ಮಂಗೆ ಹೇಳಬ್ಯಾಡ ಅಂದ್ರು. ನಂಗೆ ಇಸ್ಕಳ್ಳಾಕೆ ಕೈ ಬರ್ಲಿಲ್ಲ ಮೇಡಂ. ಮ್ಯಾನೇಜರ್ ಇಸ್ಕಂಡ್ರು. ರಸೀತಿ ನಿಮ್ಮೆಸರಿಗೇ ಹಾಕಿದ್ರು."

ಮುಂದಿನ ಎಲೆಗೆ ಪಾಯಸ ಬಡಿಸುತ್ತಿದ್ದರು. ಹೊಂಗೆ ಮರದ ಬುಡದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಬಿದ್ದ ಗೆರೆ ಇನ್ನೂ ಹಾಗೇ ಇತ್ತು. ಆ ಮರವನ್ನು ದಿನಾ ದಾಟಿಕೊಂಡೇ ನಾನು ಕಾರು ತೆಗೆಯುತ್ತಿದ್ದೆ.

ಅದಾದ ಮೂರನೆಯ ದಿನ ಬ್ಯಾಂಕಿನಿಂದ ಹಣ ತಂದು ದೊಡ್ಡಮ್ಮನ ಮುಂದೆ ಇಟ್ಟೆ. ಅತ್ತುಬಿಟ್ಟೆ. "ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ" ಎಂದೆ.

"ಗೊತ್ತಿರ್ಲಿಲ್ವಾ? ಸಂಚಕಾರ ಮುರುದ್ರೆ ನಡುವೆ ನಿಂತೋನು ತುಂಬಿಕೊಡ್ಬೇಕು ಅಂತ ಸಂತೆನಾಗೆ ನಾಯಿಗೂ ಗೊತ್ತೈತೆ. ನೀವೂ ಸಂತೆಗೆ ಹೋಗಿದ್ರಲ್ಲ, ಗೊತ್ತಿದ್ದೂ ಸುಮ್ಕೆ ಅದೀರ ಅಂತ ತಿಳ್ಕಂಡಿದ್ದೆ. ನನ್ ಕರಿಯನ್ನ ತಿಂದ್ಕಂಡು ಕಾರಾಗೆ ಓಡಾಡ್ತಾಳೆ, ಓದಿದೋಳು, ಅಂತ ಐದು ವರ್ಷ ಶಾಪ ಹಾಕೀನಿ ನಿಮಗೆ."

"ಹಾಕಿದ್ದು ಸರಿಯಾಗಿದೆ. ಈಗಲಾದರೂ ಇದನ್ನು ತಗೊಳ್ಳಿ" ಎಂದೆ.

ಅವಳು ಹಣದ ಕಟ್ಟನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು. "ಮಾತು ಮುರುದೋರು ನೀವಾ? ಅಲ್ವಲ್ಲ. ನಿಮ್ ದುಡ್ಡು ನಂಗ್ಯಾಕೆ? ಆ ಅಂಗಡಿಯೋನ ಹತ್ರ ಇಸ್ಕಂಡು ಬರ್ರಿ, ಆಗ ತಗಂತೀನಿ."

ಹಾಗೆ ಶುರುವಾಯಿತು. ಈಗ ಪ್ರತಿ ಭಾನುವಾರ ನಾನು ಆ ಅಂಗಡಿಗೆ ಹೋಗುತ್ತೇನೆ. ನೀಲಿ ಸೋಫಾ ಹೋಗಿ ಕಂದು ಸೋಫಾ ಬಂದಿದೆ. ಮ್ಯಾನೇಜರೂ ಹೊಸಬ. "ಅದು ಓಲ್ಡ್ ಮ್ಯಾಟರ್ ಮೇಡಂ, ಈಗೇನು ಮಾಡೋಕಾಗಲ್ಲ" ಎನ್ನುತ್ತಾನೆ. ಐದು ವರ್ಷಕ್ಕೆ ಹಳಸಿ ಹೋಗಲು ಮಾತೇನು ಸಾರೇ? ನಾನು ಕೂರುತ್ತೇನೆ. ಕಾಫಿ ತಂದಿಟ್ಟರೆ ಮುಟ್ಟುವುದಿಲ್ಲ. ಮೊದಲ ಭಾನುವಾರ ಬಾಯಿ ಬಿಡಲು ನಾಚಿಕೆ, ಹಳೆಯ ವಿದ್ಯಾರ್ಥಿಗಳು ಯಾರಾದರೂ ಬಂದಾರೆಂಬ ಹೆದರಿಕೆ. ಯಜಮಾನ್ರು ಮೂರು ದಿನ ಹೇಗೆ ಕೂತಿದ್ದರೋ ಆಗ ಗೊತ್ತಾಯಿತು. ಮೂರನೆಯ ಭಾನುವಾರ ಭೀಮಸಮುದ್ರದ ಕಡೆಯ ಒಂದು ಹೊಸ ಜೋಡಿ ಬಂದಿತ್ತು. "ಬುಕ್ ಮಾಡ್ಬಿಡಿ ಸರ್, ರೇಟ್ ಫಿಕ್ಸ್" ಎಂದು ಸೇಲ್ಸ್‌ಮನ್ ಹೇಳಿದ್ದು ಕಿವಿಗೆ ಬಿತ್ತು. ಆ ಹುಡುಗ ಫೋನ್ ತೆಗೆದು ಹಣ ಕಳಿಸುವುದರಲ್ಲಿದ್ದ. ನಾನು ಎದ್ದು ಹೋಗಿ ಆ ಹುಡುಗಿಯ ಕೈಯಲ್ಲಿದ್ದ ಕಾಗದವನ್ನು ಮಗುಚಿ ಕೊಟ್ಟೆ. "ಏಳನೇ ಸಾಲು. ಜೋರಾಗಿ ಓದಮ್ಮ" ಎಂದೆ. ಅವಳು ಓದಿದಳು. ಗಂಡನ ಬೆರಳು ಫೋನಿನ ಮೇಲೆ ನಿಂತಿತು. "ಹಂಗಾರೆ ಇವತ್ತಿನ ರೇಟು ಇದರ ಮುಂದುಗಡೆ ಬರ್ದು, ಸೈನ್ ಮಾಡಿ ಕೊಡ್ರಿ" ಎಂದಳು ಆ ಹುಡುಗಿ. ಅವರು ಬರೆದುಕೊಡಲಿಲ್ಲ. ಜೋಡಿ ಎದ್ದು ಹೊರಟಿತು. ಆಮೇಲೆ ನನಗೆ ನಾಚಿಕೆಯಾಗಿಲ್ಲ.

ಹದಿನೆಂಟು ಸಾವಿರ ಇನ್ನೂ ಬಂದಿಲ್ಲ. ಅವರು ಪೊಲೀಸರಿಗೆ ಹೇಳುತ್ತೇವೆ ಎಂದಿದ್ದಾರೆ. ಹೇಳಲಿ. ಸೋಫಾ ಗಿರಾಕಿಗಳಿಗೆ ಹಾಕಿದ್ದು, ನಾನೂ ಅವರ ಗಿರಾಕಿಯೇ.

ಮೊನ್ನೆ ಆರನೆಯ ಭಾನುವಾರ. ಕಾರು ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೆಯುತ್ತಿದ್ದೆ. ಎದುರು ಮನೆಯ ಬಾಗಿಲಿಗೆ ಬೀಗ ಹಾಕಿದ ಸದ್ದಾಯಿತು. ದೊಡ್ಡಮ್ಮ ಬರುತ್ತಿದ್ದಳು. ಕೈಯಲ್ಲಿ ರೊಟ್ಟಿಯ ಗಂಟು, ಹೆಗಲ ಮೇಲೆ ಆ ಕೆಂಪಂಚಿನ ಟವೆಲ್. ನಾನು ಇಳಿದು ಬಾಗಿಲು ತೆಗೆಯಬೇಕೆನ್ನುವಷ್ಟರಲ್ಲಿ ತಾನೇ ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಕೂತು, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ, ಹೆಬ್ಬೆರಳಲ್ಲಿ ಒಮ್ಮೆ ಒತ್ತಿ ನೋಡಿದಳು.

"ಒಬ್ರು ಕುಂತ್ರೆ ಮೂಲೆಗೆ ತಳ್ತಾರೆ. ಇಬ್ರು ಆದ್ರೆ ತಳ್ಳಾಕಾಗಲ್ಲ" ಎಂದಳು. "ನಡೀರಿ."